ತೋಳು ಮತ್ತು ಹೆಗಲಿನ ಪೊರೆ: ಅಂಗರಚನಾಶಾಸ್ತ್ರದ ಚರಿತ್ರೆಯಲ್ಲಿ ಕತ್ತಿಯ ಅಂಚಿಗೆ ಸರಿದ ಒಂದು ವಸ್ತು

ಮಾನವದೇಹವನ್ನು ಕುರಿತ ತಿಳಿವಳಿಕೆಯ ಚರಿತ್ರೆಯನ್ನು ಬಹುಮಟ್ಟಿಗೆ ಅಂಗಗಳ ಚರಿತ್ರೆಯಾಗಿಯೇ ಬರೆಯುತ್ತ ಬರಲಾಗಿದೆ. ಹೃದಯದ ಚರಿತ್ರೆಗೆ 1628ರ ಹಾರ್ವೆ ಇದ್ದಾನೆ. ಮಾಂಸಖಂಡಗಳ ಚರಿತ್ರೆಗೆ 1543ರ ವೆಸೇಲಿಯಸ್ ಇದ್ದಾನೆ. ಆದರೆ ಒಂದು ಮಾಂಸಖಂಡವನ್ನು ಸುತ್ತಿ, ಅದರ ಒಳಹೊಕ್ಕು, ಪಕ್ಕದ ಇನ್ನೊಂದಕ್ಕೆ ಬೆಸೆಯುವ ಬಿಳಿಯ ನಾರಿನ ಪೊರೆಗೆ ಅಂತಹ ನಾಯಕನೊಬ್ಬನಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಅದನ್ನು ಫ್ಯಾಸಿಯಾ ಎಂದು ಕರೆಯಲಾಯಿತು. ಪಟ್ಟಿ, ಸುತ್ತುಬಟ್ಟೆ ಎಂಬುದು ಆ ಪದದ ಅರ್ಥ. ಸುತ್ತಿದ ಬಟ್ಟೆಯನ್ನು ಬಿಚ್ಚಿ ಬದಿಗಿಟ್ಟ ಮೇಲೆಯೇ ಒಳಗಿನ ವಸ್ತುವನ್ನು ನೋಡಬೇಕೆಂಬ ಭಾವನೆ ಆ ಹೆಸರಿನಲ್ಲಿಯೇ ಅಡಗಿದೆ. ತೋಳು ಮತ್ತು ಹೆಗಲಿನ ಮಟ್ಟಿಗೆ ಈ ಭಾವನೆ ಎಷ್ಟು ಕಾಲ ನಡೆಯಿತು, ಅದರಿಂದ ಏನು ಮರೆಯಾಯಿತು, ಯಾವ ಸಂದರ್ಭಗಳಲ್ಲಿ ಅದು ಪ್ರಶ್ನೆಗೊಳಗಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತೋಳು ಮತ್ತು ಹೆಗಲನ್ನೇ ಆರಿಸಿಕೊಳ್ಳಲು ಕಾರಣವಿದೆ. ಮುಂಡಕ್ಕೂ ತೋಳಿಗೂ ಮೂಳೆಯ ಮೂಲಕ ಇರುವ ಸಂಧಿ ಒಂದೇ. ಅದು ಕಾಲರ್ ಮೂಳೆ ಎದೆಮೂಳೆಯನ್ನು ಕೂಡುವ ಪುಟ್ಟ ಕೀಲು. ಹೆಗಲ ಹಲಗೆ ಪಕ್ಕೆಲುಬುಗಳಿಗೆ ಅಂಟಿಕೊಂಡಿಲ್ಲ. ಮಾಂಸಖಂಡ ಮತ್ತು ಪೊರೆಗಳ ನಡುವೆ ಅದು ಜಾರುತ್ತಿರುತ್ತದೆ. ಹೀಗಾಗಿ ಕೊಡವನ್ನೆತ್ತುವ ಕೈಯ ಭಾರವೆಲ್ಲ ಮೃದು ಅಂಗಾಂಶಗಳ ಮೂಲಕವೇ ಬೆನ್ನಿಗೂ ಎದೆಗೂ ಕತ್ತಿಗೂ ಹಂಚಿಹೋಗಬೇಕು. ದೇಹದ ಬೇರೆ ಯಾವ ಭಾಗಕ್ಕಿಂತಲೂ ಇಲ್ಲಿ ಬೆಸುಗೆಯ ಪ್ರಶ್ನೆ ಮುಖ್ಯವಾಗುತ್ತದೆ.

ವಿಷಯವನ್ನು ಪ್ರವೇಶಿಸುವ ಮುನ್ನ ಪರಿಭಾಷೆಯ ತೊಡಕೊಂದನ್ನು ಗಮನಿಸಬೇಕಾಗುತ್ತದೆ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ 'ಸ್ನಾಯು' ಎಂದರೆ ಸಂಕುಚಿಸಿ ಸಡಿಲಗೊಳ್ಳುವ ಮಾಂಸದ ಅಂಗ. ಸುಶ್ರುತಸಂಹಿತೆಯಲ್ಲಿ ಆ ಅಂಗಕ್ಕೆ 'ಪೇಶಿ' ಎಂಬ ಹೆಸರಿದೆ. ಅಲ್ಲಿಯ 'ಸ್ನಾಯು' ಎಂದರೆ ಕಟ್ಟುವ ನಾರು, ಬಂಧನ. ಅಂದರೆ ಕಟ್ಟುವ ವಸ್ತುವಿನ ಹೆಸರು ಕನ್ನಡದಲ್ಲಿ ಕಟ್ಟಿಸಿಕೊಳ್ಳುವ ವಸ್ತುವಿಗೆ ಹೋಗಿಬಿಟ್ಟಿತು. ಆಮೇಲೆ ಕಟ್ಟುವ ವಸ್ತುವಿಗೆ ಹೆಸರು ಬೇಕಾದಾಗ ಸ್ನಾಯುರಜ್ಜು, ಅಸ್ಥಿರಜ್ಜು, ಸಂಯೋಜಕ ಅಂಗಾಂಶ ಎಂಬ ಸಮಾಸಗಳನ್ನು ಹೊಸೆಯಬೇಕಾಯಿತು. ಆಡುಮಾತಿನಲ್ಲಂತೂ 'ನರ' ಎಂಬ ಒಂದೇ ಪದ ರಕ್ತನಾಳಕ್ಕೂ, ನರತಂತುವಿಗೂ, ಬಿಗಿದ ನಾರಿಗೂ ಸಲ್ಲುತ್ತದೆ. ಗೊಂದಲವನ್ನು ತಪ್ಪಿಸುವ ಸಲುವಾಗಿ ಇಲ್ಲಿ ಸುಶ್ರುತನ ಸಂದರ್ಭದಲ್ಲಿ ಮಾತ್ರ 'ಸ್ನಾಯು' ಪದವನ್ನು ಅದರ ಹಳೆಯ ಅರ್ಥದಲ್ಲಿ ಬಳಸಿ, ಉಳಿದೆಡೆ 'ಮಾಂಸಖಂಡ' ಮತ್ತು 'ಪೊರೆ' ಎಂಬ ಪದಗಳನ್ನು ಬಳಸಲಾಗಿದೆ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಪೇಶಿಗಳು 500, ಸ್ನಾಯುಗಳು 900. ಪೇಶಿಗಳಲ್ಲಿ 400 ಕೈಕಾಲುಗಳಲ್ಲಿ, 66 ಮುಂಡದಲ್ಲಿ, 34 ಕತ್ತಿನಿಂದ ಮೇಲಕ್ಕೆ. ಸ್ನಾಯುಗಳಲ್ಲಿ 600 ಕೈಕಾಲುಗಳಲ್ಲಿ, 230 ಮುಂಡದಲ್ಲಿ, 70 ಕತ್ತಿನಿಂದ ಮೇಲಕ್ಕೆ. ಈ ಅಂಕಿಗಳನ್ನು ಇಂದಿನ ಎಣಿಕೆಯೊಡನೆ ಹೋಲಿಸಹೊರಡುವುದು ವ್ಯರ್ಥ. ಗಮನಿಸಬೇಕಾದ ಸಂಗತಿಯೆಂದರೆ ಕಟ್ಟುವ ನಾರುಗಳಿಗೆ ಮಾಂಸಕ್ಕಿಂತ ಹೆಚ್ಚಿನ ಸಂಖ್ಯೆಯನ್ನೂ ಪ್ರತ್ಯೇಕವಾದ ವರ್ಗೀಕರಣವನ್ನೂ ಕೊಟ್ಟಿರುವುದು. ಹರಡಿಕೊಂಡವು, ದುಂಡಗಿನವು, ಅಗಲವಾದವು, ರಂಧ್ರವುಳ್ಳವು ಎಂದು ನಾಲ್ಕು ಬಗೆ. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ನೀರಿನ ಮೇಲೆ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳಿಂದಾಗಿ ಮನುಷ್ಯ ಭಾರ ಹೊರುತ್ತಾನೆ ಎಂಬ ಹೋಲಿಕೆ ಅಲ್ಲಿ ಬರುತ್ತದೆ. ಮೂಳೆ, ಪೇಶಿ, ಸಿರೆ, ಸಂಧಿಗಳಿಗಾದ ಪೆಟ್ಟಿಗಿಂತ ಸ್ನಾಯುವಿಗಾದ ಪೆಟ್ಟು ಹೆಚ್ಚು ಕೆಡುಕೆಂದೂ, ಒಳಹೊರಗಿನ ಸ್ನಾಯುಗಳನ್ನು ಬಲ್ಲವನೇ ಆಳದಲ್ಲಿ ಹೂತ ಶಲ್ಯವನ್ನು ಹೊರತೆಗೆಯಬಲ್ಲನೆಂದೂ ಅದೇ ಪ್ರಕರಣ ಹೇಳುತ್ತದೆ. ಇದು ಶಸ್ತ್ರವೈದ್ಯನ ಅನುಭವದ ಮಾತೇ ಹೊರತು ಎಣಿಕೆಯ ಹವ್ಯಾಸದ ಮಾತಲ್ಲ.

ಹೆಗಲಿನ ವಿಷಯದಲ್ಲಿ ಈ ಅನುಭವ ಇನ್ನೂ ಸ್ಪಷ್ಟವಾಗಿದೆ. 107 ಮರ್ಮಗಳಲ್ಲಿ ಪ್ರತಿ ತೋಳಿಗೆ 11 ಸೇರುತ್ತವೆ. ಇವುಗಳಲ್ಲಿ ಕಂಕುಳ ಬಳಿಯ ಕಕ್ಷಧರ ಸ್ನಾಯುಮರ್ಮ. ತೋಳಿನ ಲೆಕ್ಕಕ್ಕೆ ಸೇರದೆ ಬೆನ್ನಿನ ಮರ್ಮವೆನಿಸಿದ 'ಅಂಸ'ವೂ ಸ್ನಾಯುಮರ್ಮವೇ. ಹೆಗಲಿನ ಪೀಠವನ್ನು ಸ್ಕಂಧಕ್ಕೆ ಬಂಧಿಸುವಂಥದು ಎಂದು ಅದನ್ನು ವಿವರಿಸಿ, ಅದಕ್ಕೆ ಪೆಟ್ಟಾದರೆ ತೋಳು ಸ್ತಬ್ಧವಾಗುತ್ತದೆ ಎಂದಿದೆ. ಕಟ್ಟು ಕೆಟ್ಟರೆ ಚಲನೆ ನಿಲ್ಲುತ್ತದೆ ಎಂಬ ಕಾರ್ಯಕಾರಣ ಸಂಬಂಧ ಇಲ್ಲಿ ನೇರವಾಗಿದೆ.

ಇಂತಹ ದೃಷ್ಟಿಗೂ ಸುಶ್ರುತನು ವಿಧಿಸಿದ ಶವಪರೀಕ್ಷೆಯ ಕ್ರಮಕ್ಕೂ ಸಂಬಂಧವಿರಬಹುದೆಂದು ಊಹಿಸಲು ಅವಕಾಶವಿದೆ. ಅವಯವಗಳೆಲ್ಲ ಪೂರ್ಣವಾಗಿರುವ, ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದ ದೇಹವನ್ನು ಹುಲ್ಲು, ನಾರುಗಳಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಜಾಗದಲ್ಲಿ ಹರಿಯುವ ನದಿಯಲ್ಲಿ ಮುಳುಗಿಸಿಡಬೇಕು. ಏಳು ರಾತ್ರಿಗಳ ನಂತರ ಹೊರತೆಗೆದು ಲಾಮಂಚ, ಕೂದಲು, ಬಿದಿರು ಮೊದಲಾದವುಗಳಿಂದ ಮಾಡಿದ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ತೊಗಲಿನಿಂದ ಆರಂಭಿಸಿ ಪದರ ಪದರವಾಗಿ ಕಣ್ಣಾರೆ ನೋಡಬೇಕು. ಕತ್ತಿಯ ಪ್ರಸ್ತಾಪ ಇಲ್ಲಿಲ್ಲ. ಕೊಳೆತು ಮೆತ್ತಗಾದ ಮಾಂಸ ಕುಂಚಕ್ಕೆ ಸುಲಭವಾಗಿ ಸವೆದರೆ ಗಟ್ಟಿಯಾದ ನಾರು ಉಳಿದುಕೊಳ್ಳುತ್ತದೆ. ಉಳಿದದ್ದೇ ಹೆಚ್ಚಾಗಿ ಲೆಕ್ಕಕ್ಕೆ ಸಿಕ್ಕಿತೆಂದರೆ ಆಶ್ಚರ್ಯವಿಲ್ಲ.

ಪಶ್ಚಿಮದ ಪರಂಪರೆ ಕತ್ತಿಯದು. ಎರಡನೆಯ ಶತಮಾನದ ಗ್ಯಾಲೆನ್ ತನ್ನ ಅಂಗಚ್ಛೇದನ ವಿಧಾನದ ಗ್ರಂಥವನ್ನು ಕೈ ಮತ್ತು ತೋಳಿನಿಂದಲೇ ಆರಂಭಿಸುತ್ತಾನೆ. ಆ ಮೊದಲ ಭಾಗದಲ್ಲಿಯೇ ಅವನು ಹೇಳಿಕೊಂಡಿರುವ ಪ್ರಸಂಗವೊಂದು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಕೋತಿಯ ತೊಗಲು ಸುಲಿಯುವ ಕೆಲಸ ತನ್ನ ಘನತೆಗೆ ತಕ್ಕದ್ದಲ್ಲವೆಂದು ಅವನು ಅದನ್ನು ಪರಿಚಾರಕನಿಗೆ ಬಿಡುತ್ತಿದ್ದನು. ಒಮ್ಮೆ ಕಂಕುಳ ಬಳಿ ಹರಿದುಹೋದ ಮಾಂಸದ ತುಣುಕೊಂದು ಕಾಣಿಸಿತು. ಅದು ಯಾವ ಮಾಂಸಖಂಡಕ್ಕೆ ಸೇರಿದ್ದೆಂದು ಗುರುತಿಸಲಾಗಲಿಲ್ಲ. ಅಂದಿನಿಂದ ತೊಗಲನ್ನು ತಾನೇ ಎಚ್ಚರದಿಂದ ಸುಲಿಯತೊಡಗಿದನು. ಪರಿಚಾರಕನು ಸಿಪ್ಪೆಯೆಂದು ಎಳೆದುಹಾಕುತ್ತಿದ್ದುದರಲ್ಲಿ ರಚನೆಯೊಂದಿತ್ತೆಂಬುದು ಹೀಗೆ ತಿಳಿಯಿತು. ಮುಂದಿನ ಹದಿನೆಂಟು ಶತಮಾನಗಳಲ್ಲಿ ಇದೇ ಪ್ರಸಂಗ ಬೇರೆ ಬೇರೆ ರೂಪಗಳಲ್ಲಿ ಮರುಕಳಿಸಿದೆ.

ಪಾದುವಾದ ಪ್ರಾಧ್ಯಾಪಕ ಆಂಡ್ರಿಯಾಸ್ ವೆಸೇಲಿಯಸ್ 28ರ ವಯಸ್ಸಿನಲ್ಲಿ, 1543ರಲ್ಲಿ, ಬಾಸೆಲ್ ನಗರದಲ್ಲಿ ಅಚ್ಚು ಹಾಕಿಸಿದ ಮಹಾಗ್ರಂಥ ಗ್ಯಾಲೆನ್‌ನ ಕೋತಿಗಳ ಅಂಗರಚನೆಯಿಂದ ಮನುಷ್ಯನ ಅಂಗರಚನೆಯನ್ನು ಬಿಡಿಸಿತು. ಅದರಲ್ಲಿಯ 'ಮಾಂಸಪುರುಷ'ರ ಚಿತ್ರಸರಣಿ ಪ್ರಸಿದ್ಧವಾದುದು. ಒಂದೊಂದು ಚಿತ್ರಕ್ಕೂ ಒಂದೊಂದು ಪದರ ಕಳಚುತ್ತ, ಕೊನೆಯ ಚಿತ್ರಗಳಲ್ಲಿ ಮಾಂಸಖಂಡಗಳು ಒಂದು ತುದಿಯಲ್ಲಿ ಬಿಚ್ಚಿಕೊಂಡು ಜೋತುಬಿದ್ದಿರುತ್ತವೆ. ಈ ಚಿತ್ರಕ್ರಮದ ಬೋಧನಶಕ್ತಿ ಅಸಾಧಾರಣವಾದುದೇ. ಆದರೆ ಮಾಂಸಖಂಡವೆಂದರೆ ಒಂದು ಮೂಳೆಯಿಂದ ಹೊರಟು ಇನ್ನೊಂದನ್ನು ಸೇರುವ ಬಿಡಿ ಹಗ್ಗ, ಅದರ ಎಲ್ಲ ಬಲ ಎರಡು ತುದಿಗಳಲ್ಲಿಯೇ ಇದೆ ಎಂಬ ಕಲ್ಪನೆ ಗಟ್ಟಿಯಾದದ್ದು ಇಂತಹ ಚಿತ್ರಗಳಿಂದಲೇ ಎನ್ನಬೇಕು.

ಪೊರೆಯ ಮಹತ್ವವನ್ನು ಪಂಡಿತರಿಗಿಂತ ಮೊದಲು ಕ್ಷೌರಿಕ ವೈದ್ಯರು ಅರಿತರು. ಮೊಣಕೈಯ ಮುಂಭಾಗದ ಸಿರೆಯಿಂದ ರಕ್ತ ಬಿಡುವುದು ಯೂರೋಪಿನಲ್ಲಿ ಶತಮಾನಗಳ ಕಾಲ ನಡೆದ ಚಿಕಿತ್ಸೆ. ಆ ಸಿರೆಯ ಕೆಳಗೆಯೇ ತೋಳಿನ ದೊಡ್ಡ ಅಪಧಮನಿಯೂ ಮುಖ್ಯ ನರವೂ ಹಾಯ್ದುಹೋಗುತ್ತವೆ. ಇವುಗಳ ನಡುವೆ ಇರುವುದು ಬೈಸೆಪ್ಸ್ ಮಾಂಸಖಂಡದ ರಜ್ಜುವಿನಿಂದ ಹೊರಟು ಓರೆಯಾಗಿ ಒಳಬದಿಗೆ ಹರಡಿ, ಮುಂಗೈಯನ್ನು ಸುತ್ತಿದ ಪೊರೆಯಲ್ಲಿ ಲೀನವಾಗುವ ನಾರಿನ ಹಾಳೆ. ಚೂರಿಯ ಮೊನೆ ಜಾರಿದಾಗ ಅಪಧಮನಿಯನ್ನು ಕಾಪಾಡುತ್ತಿದ್ದುದು ಈ ಹಾಳೆಯೇ. ಆದ್ದರಿಂದ ಅದಕ್ಕೆ ಫ್ರೆಂಚ್ ಭಾಷೆಯಲ್ಲಿ 'ದೇವರ ದಯೆ' ಎಂಬರ್ಥದ ಹೆಸರು ಬಂದಿತು. ಆ ದಯೆ ಎಲ್ಲ ಸಲವೂ ಒದಗುತ್ತಿರಲಿಲ್ಲ. ಚೂರಿ ಸಿರೆಯನ್ನು ದಾಟಿ ಅಪಧಮನಿಗೆ ತಾಕಿ, ಎರಡಕ್ಕೂ ನಡುವೆ ದಾರಿ ತೆರೆದು, ರಕ್ತ ನೇರವಾಗಿ ಸಿರೆಗೆ ನುಗ್ಗುವ ಸ್ಥಿತಿಯನ್ನು ಲಂಡನ್ನಿನ ವಿಲಿಯಂ ಹಂಟರ್ 1757ರಲ್ಲಿ ವಿವರಿಸಿದನು. ಇಂದು ಪ್ರಯೋಗಶಾಲೆಗಳಲ್ಲಿ ರಕ್ತ ತೆಗೆಯುವುದೂ ಸಾಮಾನ್ಯವಾಗಿ ಅದೇ ಸಿರೆಯಿಂದ. ಕ್ಷೌರಿಕರು ಈ ಹಾಳೆಯನ್ನು ಕವಚವೆಂದು ಮಾತ್ರ ತಿಳಿದಿದ್ದರು. ಮೇಲ್ತೋಳಿನ ಮಾಂಸಖಂಡವೊಂದು ಅದರ ಮೂಲಕ ಮುಂಗೈಯ ಪೊರೆಯನ್ನೇ ಎಳೆಯುತ್ತದೆ ಎಂಬ ಇನ್ನೊಂದು ಸಂಗತಿ ಕಣ್ಣೆದುರಿಗಿದ್ದರೂ ಬಹುಕಾಲ ಯಾರ ಪ್ರಶ್ನೆಯೂ ಆಗಲಿಲ್ಲ.

ಪೊರೆಗಳನ್ನೇ ಸ್ವತಂತ್ರ ವಿಷಯವಾಗಿ ಎತ್ತಿಕೊಂಡ ಶ್ರೇಯಸ್ಸು ಪ್ಯಾರಿಸ್ಸಿನ ಕ್ಸಾವಿಯೆ ಬಿಷಾನದು. ಪೊರೆಗಳನ್ನು ಕುರಿತ ಅವನ ಗ್ರಂಥ 1800ರ ಸುಮಾರಿಗೂ, ಸಾಮಾನ್ಯ ಅಂಗರಚನೆಯನ್ನು ಕುರಿತದ್ದು 1801ರಲ್ಲಿಯೂ ಹೊರಬಂದವು. ಸೂಕ್ಷ್ಮದರ್ಶಕವನ್ನು ನಂಬದೆ, ಕುದಿಸಿ, ಒಣಗಿಸಿ, ನೆನೆಹಾಕಿ, ಆಮ್ಲಗಳಲ್ಲಿಟ್ಟು ಅವನು ದೇಹದ 21 ಅಂಗಾಂಶಗಳನ್ನು ಬೇರ್ಪಡಿಸಿದನು. 1802ರಲ್ಲಿ 30ರ ವಯಸ್ಸಿನಲ್ಲಿ ತೀರಿಕೊಂಡನು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಾಡ್‌ಮನ್ 1824ರಲ್ಲಿ ದೇಹದ ಫ್ಯಾಸಿಯಾಗಳನ್ನೇ ಕುರಿತ ಪುಸ್ತಕವೊಂದನ್ನು ಪ್ರಕಟಿಸಿದನು. ಬೂರ್ಜರಿ ಮತ್ತು ಚಿತ್ರಕಾರ ಜಾಕೋಬ್ 1831ರಿಂದ 1854ರವರೆಗೆ ಹೊರತಂದ ಫ್ರೆಂಚ್ ಚಿತ್ರಸಂಪುಟಗಳೂ ಈ ಕಾಲದವೇ.

ಇಪ್ಪತ್ತೊಂದನೆಯ ಶತಮಾನದ ಕೆಲವು ಜನಪ್ರಿಯ ಬರಹಗಳಲ್ಲಿ, ಹಳೆಯ ಅಂಗರಚನಾಕಾರರಿಗೆ ಈ ಪೊರೆಗಳ ಅರಿವೇ ಇರಲಿಲ್ಲವೆಂಬ ಧ್ವನಿ ಕೇಳಿಬರುತ್ತದೆ. ಇದು ಸರಿಯಲ್ಲ. ಹೆನ್ರಿ ಗ್ರೇ 1858ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪಠ್ಯದಲ್ಲಿ ಮೇಲ್ತೋಳಿನ ಪೊರೆ ಹೆಗಲಿನ ಪೊರೆಯ ಮುಂದುವರಿಕೆಯೆಂದೂ, ಎದೆಯ ಪೆಕ್ಟೊರಾಲಿಸ್ ಮೇಜರ್, ಬೆನ್ನಿನ ಲ್ಯಾಟಿಸ್ಸಿಮಸ್ ಡಾರ್ಸೈ, ಹೆಗಲಿನ ಡೆಲ್ಟಾಯ್ಡ್ ಇವುಗಳಿಂದ ಬರುವ ನಾರುಗಳು ಅದನ್ನು ಬಲಪಡಿಸುತ್ತವೆಯೆಂದೂ ಹೇಳಿದೆ. ವಿಷಯ ಪುಸ್ತಕದಲ್ಲಿತ್ತು, ಆದರೆ ಅದು 'ಮಾಂಸಖಂಡವನ್ನು ತಲುಪಲು ತೆರೆಯಬೇಕಾದ ಹೊದಿಕೆ'ಯ ವರ್ಣನೆಯಾಗಿ ಉಳಿಯಿತು. ಆ ಗ್ರಂಥಕ್ಕೆ 363 ಚಿತ್ರಗಳನ್ನು ಬರೆದ ಹೆನ್ರಿ ವಾನ್‌ಡೈಕ್ ಕಾರ್ಟರ್ ಪುಸ್ತಕ ಹೊರಬರುವ ಮೊದಲೇ ಭಾರತಕ್ಕೆ ಹಡಗು ಹತ್ತಿದ್ದನು. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆಯನ್ನು ಬೋಧಿಸಿದನು. ಮೈಸಿಟೋಮ ರೋಗವನ್ನು ಕುರಿತ ಅವನ ಗ್ರಂಥ 1874ರದು. ಗ್ರೇ 1861ರಲ್ಲಿ ಸಿಡುಬಿನಿಂದ ಸತ್ತನು. ಪುಸ್ತಕಕ್ಕೆ ಗ್ರೇ ಹೆಸರೇ ನಿಂತಿತು.

ಭಾರತದಲ್ಲಿ ಕತ್ತಿಯ ಪರಂಪರೆ ನೆಲೆಯೂರಿದ ಬಗೆಯೂ ಕುತೂಹಲಕರ. 1835ರಲ್ಲಿ ಸ್ಥಾಪನೆಯಾದ ಕಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿ 1836ರಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನ ಮಾಡಿದರು. ಅದೇ 1835-36ರಲ್ಲಿ ಸುಶ್ರುತಸಂಹಿತೆಯನ್ನು ಮೊದಲ ಬಾರಿಗೆ ಸಂಪಾದಿಸಿ ಅಚ್ಚು ಹಾಕಿಸಿದವರೂ ಅವರೇ. ಕುಂಚದಿಂದ ಉಜ್ಜಿ ನೋಡುವ ವಿಧಿಯುಳ್ಳ ಗ್ರಂಥವನ್ನು ಒಂದು ಕೈಯಲ್ಲಿಯೂ ಯೂರೋಪಿನ ಕತ್ತಿಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದ ಈ ವ್ಯಕ್ತಿಯಲ್ಲಿ ಎರಡು ಕ್ರಮಗಳೂ ಒಂದು ಗಳಿಗೆ ಸಂಧಿಸಿದವು. ಮುಂದೆ ಕಲಿಕೆಗೆ ಉಳಿದದ್ದು ಎರಡನೆಯದು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋದ ಮೈಸೂರು ವೈದ್ಯಕೀಯ ಕಾಲೇಜೂ ಸೇರಿದಂತೆ, ದೇಶದ ಛೇದನಶಾಲೆಗಳು ಅನುಸರಿಸಿದ್ದು ಬ್ರಿಟಿಷ್ ಕೈಪಿಡಿಗಳ ಮಾರ್ಗವನ್ನು. ತೊಗಲನ್ನು ಸೀಳಿ ಮಡಿಚುವುದು, ಪೊರೆಯನ್ನು ತೆಗೆಯುವುದು, ಮಾಂಸಖಂಡದ ಅಂಚುಗಳನ್ನು 'ಶುಚಿ' ಮಾಡುವುದು ಅದರ ಕ್ರಮ. ಶುಚಿ ಎಂಬ ಮಾತು ಗಮನಾರ್ಹ. ಪೊರೆ ಇಲ್ಲಿ ಕಸ. ಇದಕ್ಕೆ ಮತ್ತೊಂದು ಕಾರಣವೂ ಕೂಡಿಕೊಂಡಿತು. 1893ರಲ್ಲಿ ಫರ್ಡಿನೆಂಡ್ ಬ್ಲೂಮ್ ಫಾರ್ಮಾಲ್ಡಿಹೈಡಿನ ಗಟ್ಟಿಗೊಳಿಸುವ ಗುಣವನ್ನು ತೋರಿಸಿದ ಮೇಲೆ ಫಾರ್ಮಲಿನ್ ಶವರಕ್ಷಣೆಯ ಸಾಮಾನ್ಯ ದ್ರವವಾಯಿತು. ದೇಹ ಕೊಳೆಯದೆ ಉಳಿಯಿತು. ಆದರೆ ಒಂದರ ಮೇಲೊಂದು ಜಾರುವ ಪದರಗಳು ಗಡುಸಾಗಿ ಅಂಟಿಕೊಂಡವು. ಅಂಗಾಂಶಗಳನ್ನು ಮೆತ್ತಗೆ ಉಳಿಸುವ ವಿಧಾನವನ್ನು ಆಸ್ಟ್ರಿಯದ ಗ್ರಾಜ್ ನಗರದ ವಾಲ್ಟರ್ ಥೀಲ್ ಪ್ರಕಟಿಸುವ ಹೊತ್ತಿಗೆ 1992 ಬಂದಿತ್ತು.

ಬಿಡಿ ಹಗ್ಗದ ಕಲ್ಪನೆಗೆ ಪ್ರಶ್ನೆ ಎದ್ದದ್ದು ಹಲವು ದಿಕ್ಕುಗಳಿಂದ. ಆಫ್ರಿಕದ ಟೌಂಗ್ ಶಿಶುವಿನ ತಲೆಬುರುಡೆಯನ್ನು 1925ರಲ್ಲಿ ಲೋಕಕ್ಕೆ ಪರಿಚಯಿಸಿದ ರೇಮಂಡ್ ಡಾರ್ಟ್, 1950ರಲ್ಲಿ ದೇಹದ ಮಾಂಸಖಂಡಗಳು ಎರಡು ಸುರುಳಿಗಳಾಗಿ ಮುಂಡವನ್ನು ಸುತ್ತುವ ವಿನ್ಯಾಸವನ್ನು ವರ್ಣಿಸಿದನು. 1983ರಲ್ಲಿ ಸಿಬಿಲ್ ಸ್ಟ್ರೀಟ್ ಕಪ್ಪೆಯ ಮಾಂಸತಂತುಗಳ ಮೇಲಿನ ಪ್ರಯೋಗದಿಂದ, ತಂತುವಿನ ಬಲ ತುದಿಗೆ ಮಾತ್ರ ಸಾಗದೆ ಬದಿಯ ತಂತುಗಳಿಗೂ ದಾಟುತ್ತದೆಂದು ತೋರಿಸಿದಳು. ಆಮ್‌ಸ್ಟರ್‌ಡ್ಯಾಮಿನ ಪೀಟರ್ ಹೌಜಿಂಗ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಕೊನೆಯಿಂದ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಇಡೀ ಮಾಂಸಖಂಡಗಳಿಗೂ, ನೆರೆಯ ಮಾಂಸಖಂಡಗಳಿಗೂ ವಿಸ್ತರಿಸಿದವು.

ತೋಳಿನ ಮಟ್ಟಿಗೆ ಅತ್ಯಂತ ಮೂಲಭೂತವಾದ ಪ್ರಶ್ನೆಯನ್ನು ಎತ್ತಿದವನು ಯಾಪ್ ವಾನ್ ಡರ್ ವಾಲ್. ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯಕ್ಕೆ 1988ರಲ್ಲಿ ಅವನು ಸಲ್ಲಿಸಿದ ಸಂಶೋಧನ ಪ್ರಬಂಧ ಮೊಣಕೈ ಭಾಗವನ್ನು ಕುರಿತದ್ದು. ಮೊಣಕೈಯ ಹೊರಬದಿಯಲ್ಲಿ ಸಂಧಿಯನ್ನು ಬಿಗಿದ ಅಸ್ಥಿರಜ್ಜುಗಳಿವೆ, ಅವುಗಳ ಮೇಲೆ ಮಾಂಸಖಂಡಗಳು ಬೇರೆಯಾಗಿ ಹಾಯುತ್ತವೆ ಎಂಬುದು ಪಠ್ಯಗಳ ಮಾತು. ಪೊರೆಯನ್ನು ಕೀಳದೆ ಉಳಿಸಿಕೊಂಡು ಬಿಡಿಸಿ ನೋಡಿದಾಗ ಅವನಿಗೆ ಕಂಡದ್ದು ಬೇರೆ. ಮಾಂಸದ ಎಳೆಗಳು ನೇರವಾಗಿ ಮೂಳೆಗೆ ಹೋಗದೆ ಅಗಲವಾದ ನಾರಿನ ಹಾಳೆಗಳಿಗೆ ಸೇರುತ್ತಿದ್ದವು. ಆ ಹಾಳೆಗಳು ಮೂಳೆಗೆ ಸೇರುತ್ತಿದ್ದವು. ಮಾಂಸವೂ ನಾರೂ ಒಂದರ ಪಕ್ಕದಲ್ಲೊಂದು ಇರದೆ ಒಂದರ ಮುಂದೊಂದು, ಸರಪಣಿಯ ಕೊಂಡಿಗಳಂತೆ ಇದ್ದವು. ಮಾಂಸವನ್ನು ಕತ್ತರಿಸಿ ತೆಗೆದರೆ ಉಳಿಯುವ ಹಾಳೆಯ ಚೂರು ನೋಡುವವನಿಗೆ ಅಸ್ಥಿರಜ್ಜುವಾಗಿ ಕಾಣುತ್ತದೆ. ಆ ಭಾಗದ ಕೆಲವು ಅಸ್ಥಿರಜ್ಜುಗಳಾದರೂ ದೇಹದ ರಚನೆಗಳಾಗಿರದೆ ಕತ್ತಿಯ ಸೃಷ್ಟಿಗಳಾಗಿರಬಹುದೆಂಬ ನಿಲುವು ಇದು. ಅಂಗಸ್ಥಿತಿಯನ್ನು ಅರಿಯುವ ಸಂವೇದಕಗಳೂ ಮಾಂಸ ಮತ್ತು ನಾರು ಕೂಡುವ ಈ ಎಡೆಗಳಲ್ಲಿ ಒತ್ತಾಗಿವೆಯೆಂದು ಅವನು ತೋರಿಸಿದನು. ಈ ನಿಲುವನ್ನು ಇಡೀ ದೇಹಕ್ಕೆ ಹಾಗೆಯೇ ಅನ್ವಯಿಸುವುದು ಅವಸರವಾದೀತು. ಆದರೂ ಮೊಣಕೈಯ ಮಟ್ಟಿಗೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಪಾದುವಾದಲ್ಲಿ, ವೆಸೇಲಿಯಸ್ ಪಾಠ ಹೇಳಿದ ಅದೇ ವಿಶ್ವವಿದ್ಯಾಲಯದಲ್ಲಿ, ಕಾರ್ಲಾ ಸ್ಟೆಕೊ ಮತ್ತು ಸಹೋದ್ಯೋಗಿಗಳು ಫಾರ್ಮಲಿನ್ ಹಾಕದ ದೇಹಗಳನ್ನು ಪರೀಕ್ಷಿಸಿ 2008ರ ಸುಮಾರಿಗೆ ಪ್ರಕಟಿಸಿದ ಬರಹಗಳು ಗ್ರೇ ಹೇಳಿದ್ದ ನಾರುಗಳಿಗೆ ದಿಕ್ಕನ್ನೂ ನಿಯಮವನ್ನೂ ಗುರುತಿಸಿದವು. ಪೆಕ್ಟೊರಾಲಿಸ್ ಮೇಜರ್ ಮಾಂಸಖಂಡದ ಕಾಲರ್ ಮೂಳೆಯ ಭಾಗ ತೋಳಿನ ಮುಂಭಾಗದ ಪೊರೆಗೆ, ಪಕ್ಕೆಲುಬಿನ ಭಾಗ ಒಳಬದಿಯ ಪೊರೆಗೆ, ಲ್ಯಾಟಿಸ್ಸಿಮಸ್ ಡಾರ್ಸೈ ಹಿಂಭಾಗದ ಪೊರೆಗೆ ನಾರಿನ ವಿಸ್ತರಣೆಗಳನ್ನು ಕಳಿಸುತ್ತವೆ. ಮುಂದೆ ಬೈಸೆಪ್ಸ್‌ನ ಆ 'ದೇವರ ದಯೆ'ಯ ಹಾಳೆ ಮುಂಗೈಯ ಪೊರೆಗೆ, ಪಾಮಾರಿಸ್ ಲಾಂಗಸ್ ಅಂಗೈಯ ಹೆಬ್ಬೆರಳ ಬುಡದ ಪೊರೆಗೆ. ಎದೆಯಿಂದ ಹೆಬ್ಬೆರಳ ಬುಡದವರೆಗೆ ಹೀಗೊಂದು ಹಾದಿ ಕಾಣುತ್ತದೆ. ಪಾಮಾರಿಸ್ ಲಾಂಗಸ್ ಹಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಆದ್ದರಿಂದ ಈ ಹಾದಿ ಎಲ್ಲರಲ್ಲಿಯೂ ಒಂದೇ ತೆರನಾಗಿರುವಂತಿಲ್ಲ.

ಇದೇ ಕಾಲದಲ್ಲಿ ಈ ವಿಷಯ ಅಂಗಮರ್ದನ ಮತ್ತು ವ್ಯಾಯಾಮದ ಲೋಕವನ್ನೂ ಪ್ರವೇಶಿಸಿತು. ಥಾಮಸ್ ಮೈಯರ್ಸ್ 2001ರಲ್ಲಿ ಪ್ರಕಟಿಸಿದ ಪುಸ್ತಕ ದೇಹವನ್ನು ಹಲವು 'ರೇಖೆ'ಗಳಾಗಿ ಗುರುತಿಸಿ, ತೋಳಿಗೆ ನಾಲ್ಕನ್ನು ಕೊಟ್ಟಿತು. ಫ್ಯಾಸಿಯಾ ಸಂಶೋಧನೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2007ರಲ್ಲಿ ಬಾಸ್ಟನ್ ನಗರದಲ್ಲಿ ನಡೆಯಿತು. ಉತ್ಸಾಹದ ಜೊತೆಗೆ ಅತಿಶಯೋಕ್ತಿಯೂ ಬಂದಿತೆಂಬುದನ್ನು ಮರೆಮಾಚಬೇಕಿಲ್ಲ. ಎಲ್ಲ ನೋವಿಗೂ ಪೊರೆಯೇ ಮೂಲವೆಂಬ ಮಾತು ಪ್ರಯೋಗಗಳು ಹೇಳಿದ ಮಾತಲ್ಲ. ಯಾನ್ ವಿಲ್ಕೆ ಮತ್ತು ಸಂಗಡಿಗರು ಪ್ರಕಟಿತ ಛೇದನ ವರದಿಗಳನ್ನು ಜರಡಿ ಹಿಡಿದು 2016ರಲ್ಲಿ ಮುಂಡ ಮತ್ತು ಕಾಲುಗಳ ರೇಖೆಗಳನ್ನೂ, 2019ರಲ್ಲಿ ತೋಳಿನವನ್ನೂ ಪರಿಶೀಲಿಸಿದರು. ತೋಳಿನಲ್ಲಿ ಮುಂದಿನ, ಹೊರಬದಿಯ ಮತ್ತು ಹಿಂದಿನ ಸರಣಿಗಳಿಗೆ ರಚನೆಯ ಆಧಾರವಿದೆಯೆಂದು ಕಂಡಿತು. ಹೊರಬದಿಯದರಲ್ಲಿ ಕತ್ತಿನ ಟ್ರಪೀಸಿಯಸ್ ಹೆಗಲ ಹಲಗೆಯ ಏಣಿನ ಆಚೆಗೆ ಡೆಲ್ಟಾಯ್ಡ್‌ಗೂ, ಅಲ್ಲಿಂದ ಮುಂಗೈಯತ್ತಲೂ ಬೆಸೆದುಕೊಂಡಿರುತ್ತದೆ. ಆದರೆ ಬೆಸೆದುಕೊಂಡಿದೆ ಎಂಬುದು ಒಂದು ಮಾತು. ಜೀವಂತ ತೋಳಿನ ನಿತ್ಯದ ಚಲನೆಯಲ್ಲಿ ಆ ಬೆಸುಗೆಯ ಮೂಲಕ ಎಷ್ಟು ಬಲ ದಾಟುತ್ತದೆ ಎಂಬುದು ಇನ್ನೊಂದು. ಶವಗಳ ಮೇಲಿನ ವರದಿಗಳು ಮೊದಲನೆಯದಕ್ಕೆ ಮಾತ್ರ ಸಾಕ್ಷಿ.

ಎರಡನೆಯದಕ್ಕೆ ಶಸ್ತ್ರಚಿಕಿತ್ಸೆಯ ಮೇಜಿನಿಂದ ಒಂದು ಸಾಕ್ಷ್ಯವುಂಟು. ಸೆರೆಬ್ರಲ್ ಪಾಲ್ಸಿಯಿಂದ ಮಣಿಕಟ್ಟು ಒಳಕ್ಕೆ ಬಾಗಿ ಸೆಟೆದುಕೊಂಡ ರೋಗಿಗಳಲ್ಲಿ, ಮುಂಗೈಯ ಕಿರುಬೆರಳ ಬದಿಯ ಮಾಂಸಖಂಡವೊಂದರ ರಜ್ಜುವನ್ನು ಕತ್ತರಿಸಿ, ಮಣಿಕಟ್ಟಿನ ಹಿಂಬದಿಗೆ ತಿರುಗಿಸಿ ಹೊಲಿಯುವ ಚಿಕಿತ್ಸೆ ಬಹುಕಾಲದಿಂದ ಇದೆ. ಬಗ್ಗಿಸುತ್ತಿದ್ದ ಮಾಂಸಖಂಡ ಆ ಮೇಲೆ ಎತ್ತಬೇಕು. ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯರಾದ ಕ್ರೂಲೆನ್, ಸ್ಮ್ಯೂಲ್ಡರ್ಸ್ ಮೊದಲಾದವರು ಹೌಜಿಂಗ್ ಜೊತೆಗೂಡಿ ಈ ಚಿಕಿತ್ಸೆಯ ನಡುವೆಯೇ ಅಳತೆಗಳನ್ನು ಮಾಡಿ 2003ರಲ್ಲಿ ಪ್ರಕಟಿಸಿದರು. ರಜ್ಜುವನ್ನು ಮಣಿಕಟ್ಟಿನ ಬಳಿ ಪೂರ್ತಿಯಾಗಿ ಕತ್ತರಿಸಿದ ಮೇಲೆ ಮಾಂಸಖಂಡಕ್ಕೂ ಮಣಿಕಟ್ಟಿಗೂ ಸಂಬಂಧ ತಪ್ಪಬೇಕಿತ್ತು. ಆದರೆ ಮಣಿಕಟ್ಟನ್ನು ಬಗ್ಗಿಸಿ ಚಾಚಿದಾಗ ಕತ್ತರಿಸಿದ ಮಾಂಸಖಂಡ ಅದರೊಡನೆ ಹಿಂದುಮುಂದಾಗುತ್ತಲೇ ಇತ್ತು. ವಿದ್ಯುತ್ತಿನಿಂದ ಕೆರಳಿಸಿದಾಗಲೂ ಬಿಟ್ಟ ಹಗ್ಗದಂತೆ ಪೂರ್ತಿ ಕುಗ್ಗಲಿಲ್ಲ. ಸುತ್ತಲಿನ ಪೊರೆಯಿಂದ ಅದನ್ನು ಬಿಡಿಸಿದ ಮೇಲಷ್ಟೇ ಅದು ಸಡಿಲವಾಯಿತು. ಎಷ್ಟು ಉದ್ದದವರೆಗೆ ಬಿಡಿಸಬೇಕೆಂಬುದು ಅಲ್ಲಿಂದ ಮುಂದೆ ಶಸ್ತ್ರವೈದ್ಯನ ಪ್ರಶ್ನೆಯಾಯಿತು. ಕಡಿಮೆ ಬಿಡಿಸಿದರೆ ತಿರುಗಿಸಿ ಹೊಲಿದ ಮಾಂಸಖಂಡ ತನ್ನ ಹಳೆಯ ನೆರೆಯೊಡನೆ ಸೇರಿ ಮಣಿಕಟ್ಟನ್ನು ಮತ್ತೆ ಒಳಕ್ಕೇ ಎಳೆಯಬಹುದು. ಹೆಚ್ಚು ಬಿಡಿಸಿದರೆ ಅದನ್ನು ಪೋಷಿಸುವ ರಕ್ತನಾಳ, ನರಗಳಿಗೆ ಅಪಾಯ.